ಹಾಲಿನ ಲೆಕ್ಕಕ್ಕೆ ಎರಡು ಪ್ರತಿ: ಸಂಘದ ಕಂಪ್ಯೂಟರ್ ಎಚ್ಚರಿಸಿದಾಗ ಏನು ಮಾಡಬೇಕು?



ಸ್ವಯಂಚಾಲಿತ ಹಾಲು ಶೇಖರಣಾ ಘಟಕವಿರುವ ಸಂಘಗಳಲ್ಲಿ ತಾವು ಹಾಕಿದ ಹಾಲಿನ ಪ್ರಮಾಣ, ಜಿಡ್ಡು, ಜಿಡ್ಡೇತರ ಘನಾಂಶ ಎಲ್ಲವೂ ಕಂಪ್ಯೂಟರಿನಲ್ಲಿ ದಾಖಲಾಗುತ್ತವೆ. ಚೀಟಿ ತಮ್ಮ ಕೈಗೆ ಬರುತ್ತದೆ. ಲೆಕ್ಕದ ಒಂದು ಪ್ರತಿ ಸಂಘದ ಹಾರ್ಡ್ ಡಿಸ್ಕಿನಲ್ಲಿ ಉಳಿಯುತ್ತದೆ, ಇನ್ನೊಂದು ಇಂಟರ್‌ನೆಟ್ ಮೂಲಕ ಸರ್ವರಿಗೆ ಹೋಗುತ್ತದೆ. ಬಟವಾಡೆಗೆ ಈ ಲೆಕ್ಕವೇ ಆಧಾರ. ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ಇನ್ನೊಂದು ಕಾಯುತ್ತದೆ ಎಂಬುದು ನಂಬಿಕೆ. ಎರಡನೆಯ ಪ್ರತಿ ನಿಜವಾಗಿ ತಲುಪಿದೆಯೇ ಎಂದು ನೋಡಿದರೆ ಮಾತ್ರ ಆ ನಂಬಿಕೆಗೆ ಬೆಲೆ.

ಎಚ್ಚರಿಕೆಯನ್ನು ಓದಿ

ಕಂಪ್ಯೂಟರ್ ಆನ್ ಮಾಡಿದಾಗ ಹಾರ್ಡ್ ಡಿಸ್ಕ್ ಹಾಳಾಗುವ ಸೂಚನೆ ಕಪ್ಪು ಪರದೆಯ ಮೇಲೆ ಬರುವುದುಂಟು. ಸಾಲಿನಲ್ಲಿ ಜನ ಕಾಯುತ್ತಿರುತ್ತಾರೆಂದು ಒಂದು ಕೀ ಒತ್ತಿ ಮುಂದೆ ಹೋಗುವುದು ಅಭ್ಯಾಸವಾಗಿಬಿಡುತ್ತದೆ. ಈ ಸೂಚನೆ ಬಂದ ದಿನವೇ ಲೆಕ್ಕವನ್ನು ಪೆನ್ ಡ್ರೈವಿಗೆ ಇಳಿಸಿಕೊಂಡು ಡಿಸ್ಕ್ ಬದಲಾಯಿಸಬೇಕು. ಡಿಸ್ಕಿನಿಂದ ಟಕ್ ಟಕ್ ಸದ್ದು, ಕಡತ ತೆರೆಯಲು ವಿಪರೀತ ತಡ, ಇವೂ ಅದೇ ಲಕ್ಷಣಗಳು.

ಕರೆಂಟ್ ಹೋದೊಡನೆ ಕಂಪ್ಯೂಟರ್ ಆರಿಹೋದರೆ ಯುಪಿಎಸ್ ಬ್ಯಾಟರಿ ಮುಗಿದಿದೆ ಎಂದು ತಿಳಿಯಬೇಕು. ದಾಖಲಿಸುವ ಹೊತ್ತಿನಲ್ಲೇ ಹೀಗಾದರೆ ಲೆಕ್ಕದ ಕಡತವೇ ಕೆಡಬಹುದು.

ಪ್ರತಿ ಹೋಗದಿದ್ದರೆ

ಮೊದಲು ನೆಟ್‌ವರ್ಕ್ ನೋಡಿ. ನಂತರ ದಿನಾಂಕ ನೋಡಿ. ಮದರ್‌ಬೋರ್ಡಿನ ನಾಣ್ಯದಾಕಾರದ 3 ವೋಲ್ಟ್ ಸೆಲ್ ಮುಗಿದರೆ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ, ಇಂದಿನ ಹಾಲು ಯಾವುದೋ ಹಳೆಯ ದಿನದ ಲೆಕ್ಕಕ್ಕೆ ಸೇರಬಹುದು. ಡಿಸ್ಕಿನಲ್ಲಿ ಜಾಗ ತುಂಬಿದ್ದರೂ ರವಾನೆ ನಿಲ್ಲಬಹುದು. ಇಷ್ಟಾದರೂ ಸರಿಹೋಗದಿದ್ದರೆ ಒಕ್ಕೂಟದ ವಿಸ್ತರಣಾಧಿಕಾರಿಗಳಿಗೆ ತಿಳಿಸಿ.

ಮೊದಲು ಪ್ರತಿ, ಆಮೇಲೆ ದುರಸ್ತಿ

ದುರಸ್ತಿಯ ಅವಸರದಲ್ಲಿ ಏನಾಗಬಹುದು ಎಂಬುದಕ್ಕೆ ದೊಡ್ಡ ಕಂಪನಿಯೊಂದರ ಉದಾಹರಣೆಯಿದೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಸಾಫ್ಟ್‌ವೇರ್ ಕಂಪನಿಯಲ್ಲಿ ಎರಡನೇ ಸರ್ವರಿಗೆ ಪ್ರತಿ ಹೋಗುವುದು ಹಿಂದೆ ಬಿದ್ದಿತ್ತು. ಸರಿಪಡಿಸಲು ಕುಳಿತ ಎಂಜಿನಿಯರ್ ಎರಡನೇ ಸರ್ವರ್ ಎಂದು ಭಾವಿಸಿ ಮೂಲ ಸರ್ವರಿನ ಮಾಹಿತಿಯನ್ನೇ ಅಳಿಸಿದರು. ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ನಿತ್ಯದ ಬ್ಯಾಕಪ್ ವಿಫಲವಾಗುತ್ತಿತ್ತು, ಅದನ್ನು ತಿಳಿಸುವ ಇಮೇಲ್‌ಗಳೂ ತಲುಪುತ್ತಿರಲಿಲ್ಲ. ಕೊನೆಗೆ ಸುಮಾರು 6 ಗಂಟೆ ಹಿಂದಿನ ಪ್ರತಿಯೊಂದು ಸಿಕ್ಕಿತು, ಆ ನಡುವಿನ ಮಾಹಿತಿ ಹೋಯಿತು. ನಮ್ಮಲ್ಲಾದರೆ ಒಂದು ಹೊತ್ತಿನ ಹಾಲಿನ ಲೆಕ್ಕವೇ ಹೋದಂತೆ.

ಆದ್ದರಿಂದ ಕಾರ್ಯದರ್ಶಿಗಳು ಗಮನಿಸಬೇಕಾದ ಅಂಶಗಳು:

• ರಿಪೇರಿಯವರು ಕಂಪ್ಯೂಟರ್ ಮುಟ್ಟುವ ಮೊದಲು ಲೆಕ್ಕದ ಪ್ರತಿ ತೆಗೆದಿಡಿ. ಫಾರ್ಮ್ಯಾಟ್ ಮಾಡಿದ ಮೇಲೆ ನೆನಪಾದರೆ ಪ್ರಯೋಜನವಿಲ್ಲ.
• ಪ್ರತಿ ಹೊತ್ತಿನ ಒಟ್ಟು ಲೀಟರ್ ಮತ್ತು ಹಾಲು ಹಾಕಿದವರ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದು, ಸರ್ವರಿನ ಅಂಕಿಯೊಂದಿಗೆ ತಾಳೆ ನೋಡಿ.
• ಇಲ್ಲಿ ತಪ್ಪಾಗಿ ಅಳಿಸಿದ್ದು ಸರ್ವರಿನಲ್ಲೂ ಅಳಿಸಿಹೋಗಬಹುದು. ವಾರಕ್ಕೊಮ್ಮೆ ಪೆನ್ ಡ್ರೈವಿಗೆ ಪ್ರತಿ ತೆಗೆದು, ಕಂಪ್ಯೂಟರಿನಿಂದ ಬಿಡಿಸಿ ಬೇರೆಡೆ ಇಡಿ.
• ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ.

ಉತ್ಪಾದಕರು ಬಟವಾಡೆ ಆಗುವವರೆಗೆ ಚೀಟಿಗಳನ್ನು ಎಸೆಯಬಾರದು. ಚೀಟಿಯ ಅಕ್ಷರ ಬಿಸಿಲಿಗೆ ಮಾಸುವುದರಿಂದ ಪಾಸ್ ಪುಸ್ತಕದಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು. ಎರಡೂ ಯಂತ್ರಗಳು ಕೈಕೊಟ್ಟ ದಿನ ತಮ್ಮ ಹಾಲಿಗೆ ಸಾಕ್ಷಿಯಾಗಿ ಉಳಿಯುವುದು ಅದೇ.