ನಿಲ್ದಾಣವೂ ಸಮಕಾಲರೇಖೆಯೂ

ಬೆಂಗಳೂರಿನ ಇಂದಿರಾನಗರಕ್ಕೂ ಮಹಾತ್ಮಾ ಗಾಂಧಿ ರಸ್ತೆಗೂ ಎಷ್ಟು ದೂರ? ಇದಕ್ಕೆ ಅಳತೆಪಟ್ಟಿ ಕೊಡುವ ಉತ್ತರ ಒಂದು, ಗಡಿಯಾರ ಕೊಡುವ ಉತ್ತರ ಇನ್ನೊಂದು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮಾ ಗಾಂಧಿ ರಸ್ತೆಯವರೆಗೆ ಮೆಟ್ರೊ ರೈಲು ಸಂಚರಿಸತೊಡಗಿದಾಗ ಮೊದಲನೆಯ ಉತ್ತರವು ಕಿಂಚಿತ್ತೂ ಬದಲಾಗಲಿಲ್ಲ, ಎರಡನೆಯದು ಬದಲಾಯಿತು.

ಗಡಿಯಾರದ ಉತ್ತರವನ್ನು ಚಿತ್ರಿಸುವ ಬಗೆಯೊಂದುಂಟು. 1881ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಎಂಬ ಆಂಗ್ಲ ವಿಜ್ಞಾನಿಯು ಲಂಡನ್ನಿನಿಂದ ಹೊರಟವನು ಎಷ್ಟೆಷ್ಟು ದಿನಗಳಲ್ಲಿ ಎಲ್ಲೆಲ್ಲಿಗೆ ತಲಪಬಲ್ಲನೆಂಬುದನ್ನು ಭೂಪಟದಲ್ಲಿ ಬಣ್ಣಗಳಿಂದ ತೋರಿಸಿದನು. ಸಮಾನ ಕಾಲದಲ್ಲಿ ತಲಪಬಹುದಾದ ಬಿಂದುಗಳನ್ನು ಕೂಡಿಸುವ ಇಂತಹ ಗೆರೆಯೇ ಸಮಕಾಲರೇಖೆ.

ಇಂದಿರಾನಗರ ನಿಲ್ದಾಣಕ್ಕೆ ಪೂರ್ವದಲ್ಲಿ, 400 ಮೀಟರ್ ದೂರದಲ್ಲಿ ನಮ್ಮ ಮನೆಯಿದೆಯೆಂದು ಭಾವಿಸೋಣ. ನಡಿಗೆಯ ವೇಗ ನಿಮಿಷಕ್ಕೆ 80 ಮೀಟರ್ ಇರಲಿ. (ನಗರದ ಕಾಲುದಾರಿಗಳನ್ನು ಬಲ್ಲವರು ಈ ಸಂಖ್ಯೆಯನ್ನು ಕಂಡು ನಕ್ಕಾರು!) ಅರ್ಧ ಗಂಟೆಯ ಸಮಕಾಲರೇಖೆಯು 2,400 ಮೀಟರ್ ತ್ರಿಜ್ಯವುಳ್ಳ ವೃತ್ತ. ಈಗ ರೈಲನ್ನು ಸೇರಿಸಿ. ನಿಲ್ದಾಣಕ್ಕೆ ನಡೆಯಲು 5 ನಿಮಿಷ, ಮೆಟ್ಟಿಲೇರಿ ಕಾಯಲು 8, ಪ್ರಯಾಣಕ್ಕೆ ಸುಮಾರು 7. ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಇಳಿದಾಗ ಇನ್ನೂ 10 ನಿಮಿಷ ಉಳಿದಿರುತ್ತದೆ. ಅಲ್ಲಿ 800 ಮೀಟರಿನ ಹೊಸ ವೃತ್ತವೊಂದನ್ನು ಎಳೆಯಬಹುದು. ನಡುವಣ ಹಲಸೂರು, ಟ್ರಿನಿಟಿ ನಿಲ್ದಾಣಗಳಲ್ಲಿಯೂ ಹೀಗೆಯೇ. ಈ ವೃತ್ತಗಳು ಒಂದರಮೇಲೊಂದು ಹಾಯ್ದು, ನಮ್ಮ ಮೊದಲಿನ ವೃತ್ತವು ಪಶ್ಚಿಮಕ್ಕೆ ನಾಲಗೆ ಚಾಚಿದಂತೆ ಕಾಣುತ್ತದೆ. ತರಂಗಮುಖದ ಪ್ರತಿಯೊಂದು ಬಿಂದುವೂ ಹೊಸ ತರಂಗದ ಮೂಲವೆಂದು ಹೈಗೆನ್ಸನು ಹೇಳಿದುದನ್ನು ವಿದ್ಯಾರ್ಥಿಗಳು ಇಲ್ಲಿ ನೆನೆದಾರು. ಇಲ್ಲಿ ನಿಲ್ದಾಣಗಳು ಮಾತ್ರ ಮೂಲಗಳು, ಅಷ್ಟೇ ವ್ಯತ್ಯಾಸ.

ವಾಸ್ತವದಲ್ಲಿ ಇವು ವೃತ್ತಗಳೂ ಅಲ್ಲ. ಉದ್ದನೆಯ ಆವರಣಗೋಡೆಯೊಂದು ಅಡ್ಡ ಬಂದರೆ ಅದರ ಹಿಂಬದಿಯ ಮನೆಗಳು ನಿಲ್ದಾಣದ ಕಣ್ಣಳತೆಯಲ್ಲಿದ್ದರೂ ಕಾಲಳತೆಗೆ ದೂರವಾಗುತ್ತವೆ. ಆ ಗೋಡೆಯಲ್ಲಿ ಬಾಗಿಲೊಂದನ್ನು ತೆರೆದರೆ ಸಮಕಾಲರೇಖೆಯು ಥಟ್ಟನೆ ಹಿಗ್ಗುತ್ತದೆ.

ರೇಖೆಯೊಳಕ್ಕೆ ಸೇರಿದ ಬೀದಿಯಲ್ಲಿ ಓಡಾಡುವವರು ಹೆಚ್ಚಿದರೆ ಅಂಗಡಿಮಳಿಗೆಗೆ ಬೇಡಿಕೆ ಹುಟ್ಟುತ್ತದೆ, ಬಾಡಿಗೆ ಏರುತ್ತದೆ. ಹೆಚ್ಚು ತೆರಬಲ್ಲವರು ಬರುತ್ತಾರೆ. ತೆರಲಾರದವರು ಮತ್ತೊಂದು ಬೀದಿಗೆ ಹೋಗುತ್ತಾರೆ. ಕಾಲದ ನಕ್ಷೆಯು ಈ ಎರಡನೆಯವರನ್ನು ತೋರಿಸುವುದಿಲ್ಲ. ಇಂದಿರಾನಗರದ ಸಿ.ಎಂ.ಎಚ್. ರಸ್ತೆಯ ವರ್ತಕರು ಮಾರ್ಗವು ತಮ್ಮ ರಸ್ತೆಯ ಮೇಲೆ ಹಾಯುವುದನ್ನು ವಿರೋಧಿಸಿದ್ದುದಾಗಲಿ, ಮಹಾತ್ಮಾ ಗಾಂಧಿ ರಸ್ತೆಯ ಅಂಚಿನ ನೆರಳಿನ ಮರಗಳು ಉರುಳಿದುದಾಗಲಿ ಅದರಲ್ಲಿ ಕಾಣದು. ನನ್ನ ಮಟ್ಟಿಗೆ ಇದು ಸಣ್ಣ ಕೊರತೆಯಲ್ಲ.

ಇನ್ನೊಂದು ಎಚ್ಚರಿಕೆ. ನಿಲ್ದಾಣ ಬಂದ ಬಳಿಕ ಬಾಡಿಗೆ ಏರಿತೆಂದ ಮಾತ್ರಕ್ಕೆ ನಿಲ್ದಾಣವೇ ಕಾರಣವೆನ್ನಲಾಗದು, ಊರೆಲ್ಲ ಏರಿರಬಹುದು. ನಿಲ್ದಾಣವಿಲ್ಲದ ಅಂತಹುದೇ ಬಡಾವಣೆಯೊಂದನ್ನು ಜೊತೆಗಿಟ್ಟು ಹೋಲಿಸಬೇಕು.

ನಿಮ್ಮ ಮನೆಯ ಬಳಿ ನಿಲ್ದಾಣವೊಂದು ಕಟ್ಟಲ್ಪಡುತ್ತಿದ್ದರೆ, ಅದು ತೆರೆಯುವ ಮುನ್ನವೇ ಗಡಿಯಾರ ಹಿಡಿದು ಎಲ್ಲ ದಿಕ್ಕುಗಳಿಗೂ 10 ನಿಮಿಷ ನಡೆದು, ತಲಪಿದ ಸ್ಥಳಗಳನ್ನು ನಕ್ಷೆಯಲ್ಲಿ ಗುರುತಿಸಿರಿ. ಹಾದಿಯ ಅಂಗಡಿಗಳ ಹೆಸರುಗಳನ್ನೂ ಬರೆದಿಡಿರಿ. ವರ್ಷಕ್ಕೊಮ್ಮೆ ಅದೇ ಹಾದಿಗಳಲ್ಲಿ ನಡೆದು, ಯಾವ ಹೆಸರು ಅಳಿಯಿತು, ಯಾವುದು ಬಂದಿತೆಂದು ಬಣ್ಣದ ಪೆನ್ಸಿಲಿನಿಂದ ತುಂಬುತ್ತ ಹೋಗಿರಿ.