ಹಂದಿಯ ರಕ್ತಪರೀಕ್ಷೆ: ಒಂದು ಹನಿ ಸಾಲದು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಗಬ್ಬದ ಎಮ್ಮೆಯೋ ಆಡೋ ಕಂದು ಹಾಕಿದರೆ ಪಶುವೈದ್ಯರಿಗೆ ಬರುವ ಸಂಶಯಗಳಲ್ಲಿ ಬ್ರುಸೆಲ್ಲೋಸಿಸ್ ಒಂದು. ಈ ರೋಗ ಹಂದಿಯನ್ನೂ ಬಿಡುವುದಿಲ್ಲ. ಹಂದಿಗೆ ಅದನ್ನು ತರುವ ಬ್ಯಾಕ್ಟೀರಿಯಾ ಬ್ರುಸೆಲ್ಲಾ ಸುಯಿಸ್. 1914ರಲ್ಲಿ ಅಮೆರಿಕದ ಜೇಕಬ್ ಟ್ರಾಮ್ ಅದನ್ನು ಪತ್ತೆಹಚ್ಚಿದರು. ಹೆಣ್ಣು ಕಂದು ಹಾಕುತ್ತದೆ, ಗಂಡಿನ ವೃಷಣ ಬಾತುಕೊಳ್ಳುತ್ತದೆ, ಕೀಲುಗಳು ಹಿಡಿದುಕೊಳ್ಳುತ್ತವೆ. ಆದರೆ ಸೋಂಕು ತಗುಲಿದ ಎಷ್ಟೋ ಹಂದಿಗಳು ನೋಡಲು ಗಟ್ಟಿಮುಟ್ಟಾಗಿಯೇ ಇರುತ್ತವೆ. ಅದಕ್ಕೇ ರಕ್ತಪರೀಕ್ಷೆ ಬೇಕು.

ಮನುಷ್ಯರಿಗೂ ಸಂಬಂಧ

ಬ್ರುಸೆಲ್ಲಾ ಪ್ರಾಣಿಗಳಿಂದ ಜನರಿಗೆ ದಾಟಿ ಬಿಟ್ಟುಬಿಟ್ಟು ಬರುವ ಜ್ವರ, ಕೀಲುನೋವು ತರುತ್ತದೆ. ಜಮಖಂಡಿ-ಮುಧೋಳದ ಈ ಸೀಮೆ 1997ರವರೆಗೆ ವಿಜಯಪುರ ಜಿಲ್ಲೆಯಲ್ಲಿತ್ತು. ಆ ವಿಜಯಪುರದಲ್ಲೇ ಡಾ. ಬಸಪ್ಪ ಮಂಟೂರ ಮತ್ತು ಸಂಗಡಿಗರು 16 ವರ್ಷ 26,948 ವಯಸ್ಕರ ರಕ್ತ ಪರೀಕ್ಷಿಸಿ, 495 ಮಂದಿಯಲ್ಲಿ ರೋಗ ಗುರುತಿಸಿ, 2006ರಲ್ಲಿ ವರದಿ ಪ್ರಕಟಿಸಿದರು.

ಪರೀಕ್ಷೆ ಎಡವುವುದೆಲ್ಲಿ?

ಸರಳ ವಿಧಾನ ರೋಸ್ ಬೆಂಗಾಲ್ ಪರೀಕ್ಷೆ. ರಕ್ತದಿಂದ ಬೇರ್ಪಡಿಸಿದ ಒಂದು ಹನಿ ಸೀರಮ್ಮಿಗೆ ಗುಲಾಬಿ ಬಣ್ಣ ಹಿಡಿಸಿದ ಸತ್ತ ಬ್ರುಸೆಲ್ಲಾ ದ್ರಾವಣದ ಒಂದು ಹನಿ ಬೆರೆಸಿ ಆಡಿಸಬೇಕು. ಬ್ರುಸೆಲ್ಲಾ ವಿರುದ್ಧ ದೇಹ ಹುಟ್ಟಿಸಿದ ಪ್ರತಿಕಾಯಗಳಿದ್ದರೆ ನಾಲ್ಕು ನಿಮಿಷದೊಳಗೆ ಕಣಕಣವಾಗಿ ಗಂಟು ಕಟ್ಟುತ್ತದೆ.

ಹಂದಿಯಲ್ಲಿ ತೊಡಕು ಶುರುವಾಗುವುದು ಇಲ್ಲಿಯೇ. ಯೆರ್ಸಿನಿಯಾ ಎಂಟರೊಕೊಲಿಟಿಕಾ ಎಂಬ ಬ್ಯಾಕ್ಟೀರಿಯಾ ಹಂದಿಯ ಕರುಳಲ್ಲಿ ಆಗಾಗ ನೆಲೆಸುತ್ತದೆ. ಅದರ ಓ:9 ಬಗೆಯ ಹೊರಮೈಯ ಸಕ್ಕರೆ ಸರಪಳಿ ಬ್ರುಸೆಲ್ಲಾದ್ದನ್ನೇ ಹೋಲುತ್ತದೆ. ಅದರ ವಿರುದ್ಧ ಹುಟ್ಟಿದ ಪ್ರತಿಕಾಯವೂ ಗಂಟು ಕಟ್ಟಿಸುತ್ತದೆ.

ಇಂಥ ಸುಳ್ಳು ಸೂಚನೆ ಎಷ್ಟು ಬರಬಹುದೆಂದು ಒಂದು ಲೆಕ್ಕ ಹಾಕೋಣ. 1,000 ಹಂದಿಗಳಲ್ಲಿ 20ಕ್ಕೆ ರೋಗವಿದೆ; ಪರೀಕ್ಷೆ ರೋಗವಿದ್ದವನ್ನೂ ಇಲ್ಲದವನ್ನೂ ನೂರಕ್ಕೆ 95ರಷ್ಟು ಸರಿಯಾಗಿ ಹೇಳುತ್ತದೆ ಎಂದುಕೊಳ್ಳಿ. ಆಗ 19 ರೋಗಿಗಳು ಸಿಕ್ಕಿಬೀಳುತ್ತವೆ, ಜೊತೆಗೆ 49 ನಿರೋಗಿಗಳೂ. ರೋಗ ವಿರಳವಾದಷ್ಟೂ ಸುಳ್ಳು ಸೂಚನೆಯ ಪಾಲು ಹೆಚ್ಚುತ್ತದೆ.

ಸುಧಾರಣೆಯ ದಾರಿ

ಪಶುರೋಗಗಳನ್ನು ಅಧ್ಯಯನ ಮಾಡುವ ಯಲಹಂಕದ ನಿವೇದಿ ಸಂಸ್ಥೆ ಹಂದಿಗಳಿಗೆಂದೇ ಎಲೈಸಾ ಎಂಬ ಪ್ರತಿಕಾಯ ಪರೀಕ್ಷೆಯ ಕಿಟ್ ರೂಪಿಸಿದೆ. ಎಲೈಸಾದಲ್ಲಿ ಬಣ್ಣದ ತೀವ್ರತೆಯನ್ನು ಯಂತ್ರ ಅಳೆಯುತ್ತದೆ, ಒಮ್ಮೆಗೇ ಹತ್ತಾರು ಮಾದರಿ ನೋಡಬಹುದು. ಆದರೆ ಪರೀಕ್ಷೆಯ ತಟ್ಟೆಗೆ ಲೇಪಿಸಿದ್ದು ಅದೇ ಸಕ್ಕರೆ ಸರಪಳಿಯಾದರೆ ಯೆರ್ಸಿನಿಯಾ ಅಲ್ಲಿಯೂ ದಾರಿ ತಪ್ಪಿಸೀತು. ಆದ್ದರಿಂದ ಬ್ರುಸೆಲ್ಲಾಕ್ಕೆ ಮಾತ್ರ ವಿಶಿಷ್ಟವಾದ ಪ್ರೋಟೀನುಗಳತ್ತ ಸಂಶೋಧಕರು ಹೊರಳಿದ್ದಾರೆ. ಬ್ಯಾಕ್ಟೀರಿಯಾ ಬೆಳೆಸುವುದು, ಪಿಸಿಆರ್‌ನಿಂದ ಅದರ ಡಿಎನ್‌ಎ ಹುಡುಕುವುದು ಇನ್ನೂ ಗಟ್ಟಿ ಸಾಕ್ಷ್ಯ ಕೊಡುತ್ತವೆ.

ಸಾಕುವವರು ಮಾಡಬೇಕಾದ್ದು

ಒಂದು ಹಂದಿಯ ಒಂದೇ ಫಲಿತಾಂಶ ನೆಚ್ಚಿ ಹಿಂಡನ್ನೇ ಮಾರಬೇಡಿ, ಸುಮ್ಮನೆಯೂ ಕೂರಬೇಡಿ. ಕಂದು ಹಾಕಿದ ಹಂದಿಯನ್ನು ಬೇರೆ ಇರಿಸಿ. ಸತ್ತ ಮರಿ, ಮಾಸು ಬರಿಗೈಯಲ್ಲಿ ಮುಟ್ಟದೆ ಆಳವಾಗಿ ಹೂಳಿ. ಹಿಂಡಿನ ಹಲವು ಹಂದಿಗಳ ರಕ್ತ ಕೊಡಿಸಿ, ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿ. ಮನೆಯಲ್ಲಿ ಯಾರಿಗಾದರೂ ಬಿಡದ ಜ್ವರವಿದ್ದರೆ, ಹಂದಿ ಸಾಕಿರುವ ಸಂಗತಿಯನ್ನು ವೈದ್ಯರಿಗೆ ಮೊದಲೇ ತಿಳಿಸಿ.