ಮಾದಲ, ಬೇಲ ಮತ್ತು ಎರಡು ಸಮೀಕರಣಗಳು

ಒಂಬತ್ತು ಮಾದಲ ಹಣ್ಣುಗಳಿಗೂ ಏಳು ಬೇಲದ ಹಣ್ಣುಗಳಿಗೂ ಕೂಡಿ ಬೆಲೆ 107. ಏಳು ಮಾದಲ, ಒಂಬತ್ತು ಬೇಲಗಳಿಗಾದರೆ 101. ಹಾಗಾದರೆ ಒಂದೊಂದು ಹಣ್ಣಿನ ಬೆಲೆ ಎಷ್ಟು?

ಇದು ಮಹಾವೀರಾಚಾರ್ಯನ ಲೆಕ್ಕ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅವನು ಸಂಸ್ಕೃತದಲ್ಲಿ ರಚಿಸಿದ 'ಗಣಿತಸಾರಸಂಗ್ರಹ'ದಲ್ಲಿ ಇದು ಬರುತ್ತದೆ. ಆ ಗ್ರಂಥವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಿಂದ ಪ್ರಕಟಿಸಿದರು.

ಇಂತಹ ಲೆಕ್ಕವನ್ನು ಕಂಡೊಡನೆ ವಿದ್ಯಾರ್ಥಿಗಳು ಸೂತ್ರಕ್ಕಾಗಿ ತಡಕಾಡುವುದುಂಟು. ಆದರೆ ನಿಜವಾದ ಕಷ್ಟವಿರುವುದು ಲೆಕ್ಕವನ್ನು ಬಿಡಿಸುವುದರಲ್ಲಲ್ಲ. ಮಾತನ್ನು ಗಣಿತದ ಭಾಷೆಗೆ ತಿರುಗಿಸುವುದರಲ್ಲಿ. ನಮಗೆ ತಿಳಿಯದಿರುವುದು ಯಾವುದೆಂದು ಮೊದಲು ನಿಶ್ಚಯಿಸಿಕೊಳ್ಳಬೇಕು. ಒಂದು ಮಾದಲದ ಬೆಲೆಯನ್ನು 'ಮ' ಎಂದೂ ಒಂದು ಬೇಲದ ಬೆಲೆಯನ್ನು 'ಬ' ಎಂದೂ ಕರೆಯೋಣ. ಈ ಅಕ್ಷರಗಳು ಹಣ್ಣುಗಳನ್ನಲ್ಲ, ಬೆಲೆಗಳನ್ನು ಸೂಚಿಸುತ್ತವೆ ಎಂಬುದನ್ನು ಮರೆಯಬಾರದು. ಆಗ ಒಂದೊಂದು ವಾಕ್ಯವೂ ಒಂದೊಂದು ಸಮೀಕರಣವಾಗುತ್ತದೆ:

9ಮ + 7ಬ = 107
7ಮ + 9ಬ = 101

ಮೊದಲನೆಯದೊಂದೇ ಸಾಲದೆ? ಸಾಲದು. ಮಾದಲಕ್ಕೆ 1, ಬೇಲಕ್ಕೆ 14 ಎಂದರೂ ಅದು ಸರಿಹೋಗುತ್ತದೆ. ಮಾದಲಕ್ಕೆ 8, ಬೇಲಕ್ಕೆ 5 ಎಂದರೂ ಸರಿಹೋಗುತ್ತದೆ. ಇವುಗಳಲ್ಲಿ ಮೊದಲ ಜೋಡಿಯನ್ನು ಎರಡನೆಯ ಸಮೀಕರಣಕ್ಕೆ ಹಾಕಿದರೆ 101ರ ಬದಲು 133 ಬರುತ್ತದೆ. ಸಲ್ಲದ ಉತ್ತರಗಳನ್ನು ತಳ್ಳಿಹಾಕುವುದೇ ಎರಡನೆಯ ವಾಕ್ಯದ ಕೆಲಸ.

ಆಚಾರ್ಯನ ವಿಧಾನ ಹೀಗಿದೆ: ದೊಡ್ಡ ಬೆಲೆಯನ್ನು ದೊಡ್ಡ ಸಂಖ್ಯೆಯಿಂದಲೂ ಚಿಕ್ಕ ಬೆಲೆಯನ್ನು ಚಿಕ್ಕ ಸಂಖ್ಯೆಯಿಂದಲೂ ಗುಣಿಸಿ, ಒಂದರಿಂದ ಇನ್ನೊಂದನ್ನು ಕಳೆದು, ಆ ಸಂಖ್ಯೆಗಳ ವರ್ಗಗಳ ಅಂತರದಿಂದ ಭಾಗಿಸಬೇಕು. ಇದರ ಮರ್ಮವೇನು? ಮೊದಲ ಸಮೀಕರಣವನ್ನು 9ರಿಂದಲೂ ಎರಡನೆಯದನ್ನು 7ರಿಂದಲೂ ಗುಣಿಸಿ ನೋಡಿರಿ:

81ಮ + 63ಬ = 963
49ಮ + 63ಬ = 707

ಎರಡರಲ್ಲಿಯೂ ಬೇಲದ ಪಾಲು ಒಂದೇ ಆಯಿತು. ಕಳೆದರೆ ಅದು ಮಾಯವಾಗಿ 32ಮ = 256 ಉಳಿಯುತ್ತದೆ. ಆದ್ದರಿಂದ ಮಾದಲದ ಬೆಲೆ 8, ಬೇಲದ ಬೆಲೆ 5. ಇಂದು ತರಗತಿಯಲ್ಲಿ ಕಲಿಸುವ ವರ್ಜನ ವಿಧಾನವೂ ಇದೇ ಅಲ್ಲವೆ?

ಒಂದು ಎಚ್ಚರಿಕೆ. ಎರಡು ವಾಕ್ಯಗಳಿದ್ದ ಮಾತ್ರಕ್ಕೆ ಎರಡು ಸಂಗತಿಗಳು ತಿಳಿದಂತಾಗಲಿಲ್ಲ. 'ಹದಿನೆಂಟು ಮಾದಲ, ಹದಿನಾಲ್ಕು ಬೇಲಗಳಿಗೆ 214' ಎಂದರೆ ಮೊದಲ ಮಾತನ್ನೇ ಇಮ್ಮಡಿಸಿ ಹೇಳಿದಂತಾಯಿತು, ಹೊಸದೇನೂ ತಿಳಿಯಲಿಲ್ಲ. ಅದನ್ನೇ '215' ಎಂದರೆ ಎರಡು ಮಾತುಗಳೂ ಒಟ್ಟಿಗೆ ನಿಜವಾಗಲಾರವು. ಯಾವ ಬೆಲೆಯೂ ಅವಕ್ಕೆ ಹೊಂದದು. ಆದಕಾರಣ ಲೇಖನಿಯನ್ನು ಹಿಡಿಯುವ ಮೊದಲು ಪ್ರಶ್ನೆಯನ್ನು ಎರಡು ಸಲ ಓದಿರಿ. ಉತ್ತರ ಬಂದ ಮೇಲೆ ಅದನ್ನು ಸಮೀಕರಣಕ್ಕೆ ಮಾತ್ರವಲ್ಲ, ಪ್ರಶ್ನೆಯ ಮಾತಿಗೇ ಒಡ್ಡಿ ಪರೀಕ್ಷಿಸಿರಿ. ಸಮೀಕರಣವನ್ನೇ ತಪ್ಪಾಗಿ ಬರೆದಿದ್ದರೆ ಅದನ್ನು ತೋರಿಸಿಕೊಡಬಲ್ಲದ್ದು ಆ ಮಾತೊಂದೇ.